ಹತ್ತು ವರ್ಷದವರೆಗೆ ಮಾತ್ರ

(ಅಂತರರಾಷ್ಟ್ರೀಯ ಹೆಣ್ಣುಮಕ್ಕಳ ದಿನದಂದು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಒಂದೇ ಮಾತು ಎರಡು ಸಲ ಬಂದ ಕಡೆ ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಲಾಲಾ ಯೂಸುಫ್‌ಝೈ ಅಂದ ಕೂಡಲೇ ನಮಗೆಲ್ಲ ಗುಂಡು ನೆನಪಾಗುತ್ತದೆ. 2012ರ ಅಕ್ಟೋಬರ್ 9. ಸ್ಕೂಲ್ ವ್ಯಾನು. ಬಂದೂಕು ಹಿಡಿದು ಹತ್ತಿದವನು. ಆಮೇಲೆ ಬರ್ಮಿಂಗ್‌ಹ್ಯಾಮ್ ಆಸ್ಪತ್ರೆ, ವಿಶ್ವಸಂಸ್ಥೆ, ನೊಬೆಲ್. ಈ ಕಥೆ ನಿಮಗೆ ಗೊತ್ತು, ಪಠ್ಯಪುಸ್ತಕದಲ್ಲಿ ಓದಿರುತ್ತೀರಿ, ಇಲ್ಲಾಂದರೆ ಭಾಷಣ ಸ್ಪರ್ಧೆಯಲ್ಲಿ ಯಾರೋ ಹೇಳಿದ್ದು ಕೇಳಿರುತ್ತೀರಿ.

ನನ್ನದೊಂದು ತಕರಾರಿದೆ. ಗುಂಡಿನ ಸದ್ದು ಎಷ್ಟು ಜೋರಾಯಿತೆಂದರೆ ಅದಕ್ಕೂ ಮುಂಚಿನದ್ದು ಏನೂ ಕೇಳಿಸದ ಹಾಗಾಯಿತು. ಗುಂಡು ಬೀಳುವ ಹೊತ್ತಿಗೆ ಆ ಹುಡುಗಿ ಬಾಯಿಬಿಟ್ಟು ಮಾತಾಡಲು ಶುರು ಮಾಡಿ ನಾಲ್ಕು ವರ್ಷ ಆಗಿತ್ತು. ಒಂದು ಊರಿನ ಹೆಣ್ಣುಮಕ್ಕಳ ಶಾಲೆ ಹೇಗೆ ಮುಚ್ಚಿತು, ಹೇಗೆ ಅರ್ಧ ತೆರೆಯಿತು, ಯಾರು ಕದ್ದುಮುಚ್ಚಿ ಹೋದರು ಅನ್ನುವುದೆಲ್ಲ ಆ ವರ್ಷಗಳಲ್ಲೇ ಇದೆ. ಇವತ್ತು ಅದನ್ನೇ ಜಾಸ್ತಿ ಹೇಳುತ್ತೇನೆ. ಗುಂಡಿನ ವಿಷಯ ಬೇಗ ದಾಟಿಸುತ್ತೇನೆ.

ಮೊದಲು ಊರು. ಪಾಕಿಸ್ತಾನದ ವಾಯವ್ಯ ಮೂಲೆಯಲ್ಲಿ ಸ್ವಾತ್ ಅನ್ನುವ ಕಣಿವೆ ಇದೆ. ಸುತ್ತ ಬೆಟ್ಟ, ನಡುವೆ ನದಿ, ಹಣ್ಣಿನ ತೋಟ. ಒಂದು ಕಾಲಕ್ಕೆ ಬೌದ್ಧರ ದೊಡ್ಡ ನೆಲೆ. ಬಂಡೆಯಲ್ಲಿ ಕೊರೆದ ಬುದ್ಧನ ದೊಡ್ಡ ಮೂರ್ತಿ ಜಹಾನಾಬಾದ್‌ನಲ್ಲಿದೆ. 2007ರಲ್ಲಿ ತಾಲಿಬಾನಿಗಳು ಅದರ ಮುಖ ಸಿಡಿಸಿದರು, ಆಮೇಲೆ ಇಟಲಿಯ ಪುರಾತತ್ವ ತಜ್ಞರು ಕೂತು ಅದನ್ನು ಮತ್ತೆ ಜೋಡಿಸಿದರು. 1969ರವರೆಗೆ ಸ್ವಾತ್ ಒಂದು ಸಂಸ್ಥಾನ. ಅಲ್ಲಿನ ವಲಿ, ಅಂದರೆ ನಮ್ಮಲ್ಲಿ ಮಹಾರಾಜರು ಇದ್ದ ಹಾಗೆ, ಶಾಲೆ ಆಸ್ಪತ್ರೆ ಕಟ್ಟಿಸಿದವರು. ಹೆಣ್ಣುಮಕ್ಕಳ ಶಾಲೆಗಳೂ ಇದ್ದವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 'ಆ ಕಡೆಯವರೇ ಹಾಗೆ, ಮೊದಲಿನಿಂದಲೂ ಹೆಣ್ಣುಮಕ್ಕಳನ್ನು ಓದಿಸುವವರಲ್ಲ' ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗಿರಲಿಲ್ಲ. ಅಲ್ಲಿ ಶಾಲೆ ಇತ್ತು. ಅದನ್ನು ಕಿತ್ತುಕೊಳ್ಳಲಾಯಿತು.

ಈ ಕಣಿವೆಯ ದೊಡ್ಡ ಊರು ಮಿಂಗೋರಾ. 1994ರಲ್ಲಿ ಜಿಯಾವುದ್ದೀನ್ ಯೂಸುಫ್‌ಝೈ ಅನ್ನುವ ಯುವಕ ಅಲ್ಲೊಂದು ಖಾಸಗಿ ಶಾಲೆ ಶುರು ಮಾಡಿದರು. ಕೈಯಲ್ಲಿ ದುಡ್ಡಿಲ್ಲ, ಜೊತೆಗೆ ಮಾತಿನಲ್ಲಿ ತೊದಲು. ತೊದಲುತ್ತಲೇ ಭಾಷಣ ಸ್ಪರ್ಧೆ ಗೆದ್ದು ಬಂದವರು. ಪಶ್ತೋ ಕವಿ ಖುಶಾಲ್ ಖಾನ್ ಖಟಕ್ ಅವರ ಹೆಸರನ್ನು ಶಾಲೆಗೆ ಇಟ್ಟರು. 1997ರ ಜುಲೈ 12ರಂದು ಮಗಳು ಹುಟ್ಟಿದಳು. ಅವರ ಮನೆತನದಲ್ಲಿ ಒಂದು ವಂಶವೃಕ್ಷ ಇತ್ತು. ಮುನ್ನೂರು ವರ್ಷದಷ್ಟು ಹಿಂದಿನದು, ಎಲ್ಲವೂ ಗಂಡಸರ ಹೆಸರು. ಜಿಯಾವುದ್ದೀನ್ ಪೆನ್ನು ತೆಗೆದುಕೊಂಡು ತಮ್ಮ ಹೆಸರಿನಿಂದ ಒಂದು ಗೆರೆ ಎಳೆದು 'ಮಲಾಲಾ' ಅಂತ ಬರೆದರು.

ಅಪ್ಪನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅಮ್ಮನ ಬಗ್ಗೆ ಕುತೂಹಲ ಜಾಸ್ತಿ. ತೂರ್ ಪೆಕೈ ಆರು ವರ್ಷಕ್ಕೆ ಶಾಲೆಗೆ ಸೇರಿದರು. ಮನೆಯಲ್ಲಿ ಜೊತೆಗಿದ್ದ ಹುಡುಗಿಯರು ಯಾರೂ ಶಾಲೆಗೆ ಹೋಗದೆ ಆಡಿಕೊಂಡಿದ್ದರು. ಇವರಿಗೆ ಹೊಟ್ಟೆಕಿಚ್ಚು. ಪುಸ್ತಕ ಎಲ್ಲ ಒಂಬತ್ತಾಣೆಗೆ ಮಾರಿ, ಆ ದುಡ್ಡಿಗೆ ಮಿಠಾಯಿ ತಿಂದು ಮುಗಿಸಿದರು. ಅಲ್ಲಿಗೆ ಶಾಲೆ ಮುಗಿಯಿತು. ಮನೆಯವರು ಯಾರೂ ಬೇಡ ಅನ್ನಲಿಲ್ಲ, ಯಾರೂ ಹೋಗು ಅಂತಲೂ ಹೇಳಲಿಲ್ಲ. ಮಗಳೇ ಇದನ್ನು ಬರೆದಿದ್ದಾಳೆ. ತಾಲಿಬಾನ್ ಇಲ್ಲದೆಯೂ ಹೆಣ್ಣುಮಗುವಿನ ಓದು ಹೀಗೆ ಸುಮ್ನೆ ನಿಂತುಹೋಗುತ್ತದೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಇಂಥದ್ದೇ ಒಂದು ಕಥೆ ಸಿಕ್ಕೀತು.

ಈಗ ರೇಡಿಯೋ. 2005ರ ಅಕ್ಟೋಬರ್ 8ರಂದು ಉತ್ತರ ಪಾಕಿಸ್ತಾನದಲ್ಲಿ ಭಾರೀ ಭೂಕಂಪ ಆಯಿತು. 70 ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಜನ ಹೆದರಿದ್ದರು. ಇದು ದೇವರ ಶಿಕ್ಷೆ, ನಡತೆ ತಿದ್ದಿಕೊಳ್ಳಿ ಅಂತ ಹೇಳುವವರಿಗೆ ಕಿವಿ ಸಿಕ್ಕಿತು. ಸ್ವಾತ್‌ನಲ್ಲಿ ಹಾಗೆ ಹೇಳಿದವನು ಫಜ್ಲುಲ್ಲಾ, ಆಮೇಲೆ ಅಲ್ಲಿನ ತಾಲಿಬಾನ್ ನಾಯಕನಾದವನು. ಒಂದು ಕಾಲದಲ್ಲಿ ನದಿ ದಾಟಿಸುವ ರೋಪ್‌ವೇ ಕುರ್ಚಿ ನಡೆಸುತ್ತಿದ್ದವನು. ಅನುಮತಿ ಇಲ್ಲದ ಒಂದು ಎಫ್‌ಎಂ ಸ್ಟೇಷನ್ ಹಾಕಿಕೊಂಡು ರಾತ್ರಿ ಹೊತ್ತು ಮಾತಾಡುತ್ತಿದ್ದ. ಜನ ಅವನನ್ನು 'ರೇಡಿಯೋ ಮುಲ್ಲಾ' ಅಂತಲೇ ಕರೆಯತೊಡಗಿದರು.

ಶುರುವಿನಲ್ಲಿ ಅವನ ಮಾತು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಬೀಡಿ ಸಿಗರೇಟು ಬಿಡಿ, ಪ್ರಾರ್ಥನೆ ಮಾಡಿ, ಒಳ್ಳೆಯವರಾಗಿ. ಯಾರು ಬೇಡ ಅನ್ನುತ್ತಾರೆ? ಮನೆಯೊಳಗೇ ಇರುವ ಹೆಂಗಸರಿಗೆ ರೇಡಿಯೋ ಒಂದೇ ಜೊತೆ. ಅವರೇ ಅವನ ಮೊದಲ ಕೇಳುಗರು, ಒಡವೆ ಬಿಚ್ಚಿ ಕೊಟ್ಟವರೂ ಅವರೇ. ಆಮೇಲೆ ಟಿ.ವಿ. ಸುಟ್ಟುಹಾಕಿ ಅಂದ. ಪೋಲಿಯೋ ಹನಿ ಹಾಕಿಸಬೇಡಿ ಅಂದ. ಆಮೇಲೆ ಹುಡುಗಿಯರು ಶಾಲೆಗೆ ಹೋಗಬಾರದು ಅಂದ.

ಅವನು ಇದನ್ನು ಮಾಡಿದ ರೀತಿ ಗಮನಿಸಿ. ಮೊದಲಿಗೆ ಬೆದರಿಕೆ ಹಾಕಲಿಲ್ಲ. ಶಾಲೆ ಬಿಟ್ಟ ಹುಡುಗಿಯರ ಹೆಸರನ್ನು ರೇಡಿಯೋದಲ್ಲಿ ಓದಿ ಅಭಿನಂದಿಸುತ್ತಿದ್ದ. ಇಂಥವರ ಮಗಳು ಇಂಥವಳು ಶಾಲೆ ಬಿಟ್ಟಿದ್ದಾಳೆ, ಅವಳಿಗೆ ಸ್ವರ್ಗ ಸಿಗಲಿದೆ ಅಂತ. ಇಡೀ ಕಣಿವೆಗೆ ಕೇಳುವ ಹಾಗೆ ಮಗಳ ಹೆಸರು ಬಂದರೆ ಆ ಅಪ್ಪನಿಗೆ ಹೇಗನ್ನಿಸಿರಬೇಕು? ಪಕ್ಕದ ಮನೆಯ ಅಪ್ಪನಿಗೆ, 'ನಿಮ್ಮ ಮಗಳ ಹೆಸರು ಇನ್ನೂ ಬಂದಿಲ್ಲವಲ್ಲ' ಅಂತ ಯಾರೋ ಕೇಳಿದಾಗ? ಬಂದೂಕಿಗಿಂತ ಮುಂಚೆ ಬಂದಿದ್ದು ಈ ಹೊಗಳಿಕೆ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಹೆದರಿಕೆ ಹುಟ್ಟಿಸುವ ಭಾಗ ಇದೇ.

ಬಂದೂಕೂ ಬಂತು. ರಾತ್ರಿ ಶಾಲೆಗಳಿಗೆ ಬಾಂಬ್ ಇಡತೊಡಗಿದರು. ಮಿಂಗೋರಾದ ಗ್ರೀನ್ ಚೌಕದಲ್ಲಿ ಬೆಳಗಾದರೆ ಹೆಣ ಬಿದ್ದಿರುತ್ತಿದ್ದವು. 2008ರ ಸೆಪ್ಟೆಂಬರ್‌ನಲ್ಲಿ ಜಿಯಾವುದ್ದೀನ್ ಮಗಳನ್ನು ಪೇಷಾವರಕ್ಕೆ ಕರೆದುಕೊಂಡು ಹೋದರು. ಹನ್ನೊಂದು ವರ್ಷದ ಹುಡುಗಿ ಪತ್ರಕರ್ತರ ಮುಂದೆ ನಿಂತು, ಓದುವ ನನ್ನ ಹಕ್ಕು ಕಿತ್ತುಕೊಳ್ಳಲು ತಾಲಿಬಾನ್‌ಗೆ ಎಷ್ಟು ಧೈರ್ಯ ಅಂತ ಕೇಳಿದಳು. ಡಿಸೆಂಬರ್‌ನಲ್ಲಿ ಉತ್ತರ ಬಂತು: ಜನವರಿ 15ರ ನಂತರ ಹುಡುಗಿಯರು ಯಾರೂ ಶಾಲೆಗೆ ಹೋಗುವಂತಿಲ್ಲ.

ಅದೇ ಹೊತ್ತಿಗೆ ಬಿಬಿಸಿ ಉರ್ದು ವಿಭಾಗದವರಿಗೆ ಒಬ್ಬ ಶಾಲಾ ಹುಡುಗಿಯ ಡೈರಿ ಬೇಕಿತ್ತು. ಜಿಯಾವುದ್ದೀನ್ ಅವರನ್ನು ಕೇಳಿದರು. ಒಬ್ಬ ಹುಡುಗಿ ಒಪ್ಪಿದಳು, ಅವಳ ಮನೆಯವರು ಹೆದರಿ ಬೇಡ ಅಂದರು. ತಪ್ಪೇನಿಲ್ಲ, ಯಾವ ಮನೆಯವರಾದರೂ ಹಾಗೇ ಹೇಳುತ್ತಿದ್ದರು. ಕೊನೆಗೆ ಅಪ್ಪ ತಮ್ಮ ಮಗಳನ್ನೇ ಮುಂದೆ ಮಾಡಿದರು. ಇದು ಸರಿಯೋ ತಪ್ಪೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನಗೆ ಅನ್ನಿಸುವುದು, ಬೇರೆಯವರ ಮಕ್ಕಳನ್ನು ಮುಂದೆ ತಳ್ಳಿ ತಮ್ಮ ಮಕ್ಕಳನ್ನು ಒಳಗೆ ಇಟ್ಟುಕೊಳ್ಳುವ ನಾಯಕರನ್ನು ನಾವು ಸಾಕಷ್ಟು ನೋಡಿದ್ದೇವೆ. ಇವರು ಆ ಸಾಲಿನವರಲ್ಲ. ಹಾಗಂತ ಇದು ಪೂರ್ತಿ ಸಮಾಧಾನ ಕೊಡುವ ಉತ್ತರವೂ ಅಲ್ಲ.

ಗುಲ್ ಮಕಾಯ್ ಅನ್ನುವ ಹೆಸರಿನಲ್ಲಿ ಡೈರಿ ಶುರುವಾಯಿತು. ಮೊದಲ ಬರಹ 2009ರ ಜನವರಿ 3ರದು. ಹಿಂದಿನ ರಾತ್ರಿ ಮಿಲಿಟರಿ ಹೆಲಿಕಾಪ್ಟರ್, ತಾಲಿಬಾನ್ ಎಲ್ಲ ಕನಸಿನಲ್ಲಿ ಬಂದವು ಅಂತ ಬರೆಯುತ್ತಾಳೆ. ಹೆದರಿಕೊಂಡೇ ಶಾಲೆಗೆ ಹೋಗುತ್ತಾಳೆ. ತರಗತಿಯಲ್ಲಿ 27 ಮಂದಿಯಲ್ಲಿ ಬಂದಿದ್ದು 11 ಮಂದಿ. ವಾಪಸ್ ಬರುವಾಗ ಹಿಂದಿನಿಂದ ಒಬ್ಬ ಗಂಡಸು 'ನಿನ್ನನ್ನು ಕೊಲ್ಲುತ್ತೇನೆ' ಅನ್ನುವುದು ಕೇಳಿಸುತ್ತದೆ. ಬೇಗಬೇಗ ಹೆಜ್ಜೆ ಹಾಕುತ್ತಾಳೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವನು ಮೊಬೈಲಿನಲ್ಲಿ ಬೇರೆ ಯಾರಿಗೋ ಬೈಯುತ್ತಿದ್ದಾನೆ. ಓದಿದರೆ ನಗು ಬರುತ್ತದೆ. ನಕ್ಕ ಮೇಲೆ, ಹನ್ನೊಂದು ವರ್ಷದ ಮಗು ಅಂಥ ಮಾತು ತನಗೇ ಹೇಳಿದ್ದು ಅಂದುಕೊಳ್ಳುವ ಊರು ಹೇಗಿದ್ದಿರಬೇಕು ಅಂತ ಹೊಳೆಯುತ್ತದೆ.

ಇನ್ನೊಂದು ದಿನ, ಯೂನಿಫಾರ್ಮ್ ಹಾಕಿಕೊಂಡು ಬರಬೇಡಿ, ಮನೆ ಬಟ್ಟೆಯಲ್ಲಿ ಬನ್ನಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಇವಳು ಇಷ್ಟದ ಗುಲಾಬಿ ಬಣ್ಣದ ಬಟ್ಟೆ ಹಾಕಿಕೊಂಡು ಹೋಗುತ್ತಾಳೆ. ಉಳಿದವರೂ ಬಣ್ಣಬಣ್ಣದ ಬಟ್ಟೆಯಲ್ಲೇ ಬಂದಿದ್ದಾರೆ. ಪ್ರಾರ್ಥನೆ ಹೊತ್ತಿಗೆ, ಬಣ್ಣದ ಬಟ್ಟೆಯೂ ಬೇಡ, ತಾಲಿಬಾನಿಗಳು ತಕರಾರು ತೆಗೆಯುತ್ತಾರೆ ಅಂತ ಹೇಳುತ್ತಾರೆ. ಜನವರಿ 14 ಚಳಿಗಾಲದ ರಜೆಗೆ ಮುಂಚಿನ ಕೊನೆಯ ದಿನ. ಪ್ರತಿ ವರ್ಷ ಶಾಲೆ ಮತ್ತೆ ತೆರೆಯುವ ತಾರೀಕು ಹೇಳುತ್ತಿದ್ದರು, ಈ ಸಲ ಹೇಳಲಿಲ್ಲ. ಹುಡುಗಿಯರಿಗೆ ಅರ್ಥವಾಯಿತು. ಅವತ್ತು ಮೈದಾನದಲ್ಲಿ ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಆಡಿದೆವು ಅಂತ ಬರೆದಿದ್ದಾಳೆ.

ಈ ಡೈರಿಯಲ್ಲಿ ಘೋಷಣೆ ಇಲ್ಲ. ಬಟ್ಟೆ, ಹೋಂವರ್ಕ್, ಪರೀಕ್ಷೆ, ರಾತ್ರಿ ಕೇಳಿಸಿದ ಗುಂಡಿನ ಸದ್ದು, ಇಷ್ಟೇ. ಅದಕ್ಕೇ ಅದು ಅಷ್ಟು ದೂರ ಹೋಯಿತು ಅನ್ನಿಸುತ್ತದೆ. ದೊಡ್ಡ ಮಾತಿಗೆ ದೊಡ್ಡ ಮಾತಿನಲ್ಲೇ ಉತ್ತರ ಕೊಡಬಹುದು. 27ರಲ್ಲಿ 11 ಅನ್ನುವ ಲೆಕ್ಕಕ್ಕೆ ಏನು ಉತ್ತರ ಕೊಡುತ್ತೀರಿ?

ಈಗ ನಾನು ಹೇಳಬೇಕೆಂದಿರುವ ಜಾಗಕ್ಕೆ ಬಂದೆ. ಫೆಬ್ರವರಿಯಲ್ಲಿ ಸರ್ಕಾರ ಮತ್ತು ಉಗ್ರರ ನಡುವೆ ಒಪ್ಪಂದ ಆಯಿತು. ಹುಡುಗಿಯರ ಶಾಲೆ ತೆರೆಯಿರಿ ಅಂತ ಜಿಯಾವುದ್ದೀನ್ ಥರದವರು ಒತ್ತಾಯ ಮಾಡುತ್ತಲೇ ಇದ್ದರು. ಫಜ್ಲುಲ್ಲಾ ಸ್ವಲ್ಪ ಸಡಿಲಿಸಿದ. ಹತ್ತು ವರ್ಷದವರೆಗಿನ ಹುಡುಗಿಯರು ಶಾಲೆಗೆ ಹೋಗಬಹುದು. ಅದಕ್ಕಿಂತ ದೊಡ್ಡವರು ಇಲ್ಲ.

ಕೇಳಲು ರಾಜಿ ಮಾಡಿಕೊಂಡ ಹಾಗೆ ಇದೆ, ಅಲ್ವಾ? ಪೂರ್ತಿ ಬೇಡ ಅಂದಿದ್ದವನು ಅರ್ಧ ಒಪ್ಪಿದ. ಎಷ್ಟೋ ಜನ ಅವತ್ತು ಉಸಿರು ಬಿಟ್ಟಿರಬೇಕು. ಆದರೆ ಆ ಗೆರೆ ಎಲ್ಲಿ ಬಿತ್ತು ನೋಡಿ. ಅಕ್ಷರ, ಮಗ್ಗಿ, ಪ್ರಾರ್ಥನೆ ಕಲಿತರೆ ಸಾಕು ಅನ್ನುವ ಜಾಗದಲ್ಲಿ. ವಿಜ್ಞಾನ, ಇತಿಹಾಸ, ಪ್ರಶ್ನೆ ಕೇಳುವ ಬುದ್ಧಿ ಶುರುವಾಗುವ ಹೊತ್ತಿಗೆ ಬಾಗಿಲು ಮುಚ್ಚಿತು. ಮದುವೆಯ ಮಾತು ಶುರುವಾಗುವ ವಯಸ್ಸೂ ಅದರ ಹಿಂದೆಯೇ ಇದೆ. ಹುಡುಗಿಯರ ಓದನ್ನು ತಡೆಯುವವರಿಗೆ ಚಿಕ್ಕ ಮಗು ಸ್ಲೇಟು ಹಿಡಿದರೆ ತೊಂದರೆ ಇಲ್ಲ. ದೊಡ್ಡವಳಾಗುತ್ತಿರುವ ಹುಡುಗಿ ಪುಸ್ತಕ ಹಿಡಿದರೆ ತೊಂದರೆ.

ಮಲಾಲಾ ಮತ್ತು ಅವಳ ಗೆಳತಿಯರು ಏನು ಮಾಡಿದರು? ವಯಸ್ಸು ಕಡಿಮೆ ಹೇಳಿದರು. ಯೂನಿಫಾರ್ಮ್ ಇಲ್ಲದೆ, ಪುಸ್ತಕಗಳನ್ನು ಶಾಲಿನ ಒಳಗೆ ಬಚ್ಚಿಟ್ಟುಕೊಂಡು ಶಾಲೆಗೆ ಹೋದರು. ಟೀಚರುಗಳು ಸೇರಿಸಿಕೊಂಡರು. ಹೋರಾಟ ಅಂದರೆ ನಮ್ಮ ಕಣ್ಣ ಮುಂದೆ ಮೈಕು, ಬ್ಯಾನರು ಬರುತ್ತದೆ. ಇಲ್ಲಿ ಹೋರಾಟ ಅಂದರೆ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಕ್ಲಾಸಿನಲ್ಲಿ ಕೂರುವುದು. ಆ ಹುಡುಗಿಯರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ಗೊತ್ತಿಲ್ಲ. ನೊಬೆಲ್ ಪದಕದಲ್ಲಿ ಅವರ ಪಾಲೂ ಇದೆ ಅಂತ ನಾನು ಅಂದುಕೊಂಡಿದ್ದೇನೆ.

ಒಪ್ಪಂದ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಸೇನೆ ನುಗ್ಗಿತು. ಆ ಭಾಗದಿಂದ ಸುಮಾರು 20 ಲಕ್ಷ ಜನ ಮನೆ ಬಿಟ್ಟು ಹೊರಟರು. ಮಲಾಲಾಳ ಮನೆಯವರೂ ಹೊರಟು, ಮೂರು ತಿಂಗಳ ಹತ್ತಿರ ಅವರಿವರ ಮನೆಯಲ್ಲಿ ಇದ್ದು ವಾಪಸ್ ಬಂದರು. ಶಾಲೆ ತೆರೆಯಿತು. ಗುಲ್ ಮಕಾಯ್ ಯಾರು ಅನ್ನುವುದೂ ಹೊರಗೆ ಬಂತು. 2011ರಲ್ಲಿ ಪಾಕಿಸ್ತಾನ ಸರ್ಕಾರ ಮೊದಲ ಯುವ ಶಾಂತಿ ಪ್ರಶಸ್ತಿಯನ್ನು ಅವಳಿಗೆ ಕೊಟ್ಟಿತು. ಪ್ರಶಸ್ತಿ ಬಂದಷ್ಟೂ ಬೆದರಿಕೆ ಹೆಚ್ಚಾಯಿತು.

2012ರ ಅಕ್ಟೋಬರ್ 9ರಂದು, ಪರೀಕ್ಷೆ ಮುಗಿಸಿ ಬರುತ್ತಿದ್ದ ವ್ಯಾನಿನಲ್ಲಿ ಅವಳ ತಲೆಗೆ ಗುಂಡು ಬಿತ್ತು. ಜೊತೆಗಿದ್ದ ಶಾಜಿಯಾ ರಮ್ಜಾನ್, ಕೈನಾತ್ ರಿಯಾಜ್ ಅವರಿಗೂ ತಗುಲಿತು. ಮೂವರೂ ಬದುಕಿದರು. ಈ ಹೆಣ್ಣುಮಕ್ಕಳ ದಿನವನ್ನು ಜಗತ್ತು ಮೊದಲ ಸಲ ಆಚರಿಸಿದ್ದು 2012ರ ಅಕ್ಟೋಬರ್ 11ರಂದು, ಇದಾದ ಎರಡೇ ದಿನಕ್ಕೆ. ಇನ್ನೊಂದು ವಿಷಯ ಕಡಿಮೆ ಜನಕ್ಕೆ ಗೊತ್ತು. 2015ರಲ್ಲಿ, ಹಲ್ಲೆ ಮಾಡಿದ ಹತ್ತು ಜನಕ್ಕೂ ಶಿಕ್ಷೆ ಆಯಿತು ಅಂತ ಸುದ್ದಿ ಬಂತು. ಕೆಲವು ವಾರದ ನಂತರ ತಿಳಿದದ್ದು, ಶಿಕ್ಷೆ ಆಗಿದ್ದು ಇಬ್ಬರಿಗೆ ಮಾತ್ರ, ಉಳಿದ ಎಂಟು ಮಂದಿಯನ್ನು ಬಿಟ್ಟಿದ್ದರು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆದಿತ್ತು.

2014ರಲ್ಲಿ ನಮ್ಮ ಕೈಲಾಶ್ ಸತ್ಯಾರ್ಥಿ ಅವರ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ. ಸುದ್ದಿ ಬಂದಾಗ ಅವಳು ಕೆಮಿಸ್ಟ್ರಿ ಕ್ಲಾಸಿನಲ್ಲಿದ್ದಳು, ವಯಸ್ಸು 17. ಡಿಸೆಂಬರ್ 10ರಂದು ಓಸ್ಲೋದಲ್ಲಿ ಪ್ರಶಸ್ತಿ ತೆಗೆದುಕೊಂಡು ಆರು ದಿನಕ್ಕೆ ಪೇಷಾವರದ ಆರ್ಮಿ ಪಬ್ಲಿಕ್ ಸ್ಕೂಲಿಗೆ ಉಗ್ರರು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಪ್ರಶಸ್ತಿ ಕೊಟ್ಟರೆ ಕೆಲಸ ಮುಗಿಯಿತು ಅಂದುಕೊಂಡವರಿಗೆ ಬಂದ ಉತ್ತರ ಅದು.

ಆ ಗೆರೆಯ ಮಾತಿಗೆ ವಾಪಸ್ ಬರುತ್ತೇನೆ. 2021ರ ಆಗಸ್ಟ್‌ನಲ್ಲಿ ಪಕ್ಕದ ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಮತ್ತೆ ಅಧಿಕಾರಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಹೈಸ್ಕೂಲು ತೆರೆದಾಗ ಹುಡುಗರನ್ನಷ್ಟೇ ಕರೆದರು. ಹುಡುಗಿಯರಿಗೆ ಸ್ವಲ್ಪ ದಿನ ತಡೆಯಿರಿ ಅಂದರು. 2022ರ ಮಾರ್ಚ್ 23ಕ್ಕೆ ಬನ್ನಿ ಅಂತ ಕರೆದು, ಬ್ಯಾಗ್ ಹಾಕಿಕೊಂಡು ಬಂದವರನ್ನು ಅವತ್ತೇ ವಾಪಸ್ ಕಳಿಸಿದರು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವೂ ಬಂದ್. 2024ರ ಕೊನೆಗೆ ನರ್ಸಿಂಗ್, ಸೂಲಗಿತ್ತಿ ತರಬೇತಿಯೂ ಬಂದ್. ಹುಡುಗಿಯರು ಓದಬಹುದಾದದ್ದು ಆರನೇ ಕ್ಲಾಸಿನವರೆಗೆ. ಸ್ವಾತ್‌ನಲ್ಲಿ ಹತ್ತು ವರ್ಷ, ಇಲ್ಲಿ ಆರನೇ ಕ್ಲಾಸು. ಹೆಚ್ಚುಕಡಿಮೆ ಅದೇ ಗೆರೆ. ಸ್ವಾತ್‌ನಲ್ಲಿ ಅದನ್ನು ಎಳೆದವನು ರೇಡಿಯೋದಲ್ಲಿ ಮಾತಾಡುವ ಒಬ್ಬ ಉಗ್ರ. ಕಾಬೂಲಿನಲ್ಲಿ ಎಳೆದದ್ದು ಸರ್ಕಾರ. ಅದಕ್ಕೇ 2025ರ ಜನವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ಮುಸ್ಲಿಂ ದೇಶಗಳ ಪ್ರತಿನಿಧಿಗಳ ಮುಂದೆ ನಿಂತ ಮಲಾಲಾ, ತಾಲಿಬಾನ್ ಸರ್ಕಾರವನ್ನು ಒಪ್ಪಿಕೊಳ್ಳಬೇಡಿ, ಅವರು ಹೆಂಗಸರನ್ನು ಮನುಷ್ಯರೆಂದೇ ನೋಡುವುದಿಲ್ಲ ಅಂತ ನೇರವಾಗಿ ಹೇಳಿದರು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

(ಒಬ್ಬ ವಿದ್ಯಾರ್ಥಿನಿ: "ಸರ್, ಮಲಾಲಾ ನಮ್ಮ ರಾಜ್ಯದ ಹಿಜಾಬ್ ವಿಷಯದಲ್ಲೂ ಮಾತಾಡಿದ್ದರಲ್ಲವಾ? ಅದನ್ನು ನೀವು ಹೇಳಲೇ ಇಲ್ಲ.")

ಹೌದಮ್ಮ, ಮಾತಾಡಿದ್ದರು. 2022ರ ಫೆಬ್ರವರಿಯಲ್ಲಿ, ಉಡುಪಿಯಲ್ಲಿ ಶುರುವಾದ ಜಗಳ ರಾಜ್ಯಕ್ಕೆಲ್ಲ ಹಬ್ಬಿದ್ದಾಗ. ಹಿಜಾಬ್ ಹಾಕಿದ್ದಾರೆ ಅಂತ ಹುಡುಗಿಯರನ್ನು ಶಾಲೆಗೆ ಬಿಡದಿರುವುದು ಭಯಾನಕ ಅಂತ ಟ್ವೀಟ್ ಮಾಡಿದರು. ಕಡಿಮೆ ಬಟ್ಟೆ ಹಾಕಿದರೂ ಜಾಸ್ತಿ ಹಾಕಿದರೂ ಹೆಂಗಸಿನ ಮೇಲೇ ಕಣ್ಣು ಅನ್ನುವ ಅರ್ಥದ ಮಾತೂ ಅದರಲ್ಲಿತ್ತು. ನಿಮ್ಮ ದೇಶದ ಕಥೆ ನೋಡಿಕೊಳ್ಳಿ ಅಂತ ಇಲ್ಲಿ ಬೈದವರೂ ಇದ್ದರು, ಹೊಗಳಿದವರೂ ಇದ್ದರು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಸ್ವಾತ್‌ಗೂ ಇದಕ್ಕೂ ನಾನು ಹೋಲಿಕೆ ಮಾಡುವುದಿಲ್ಲ. ಅಲ್ಲಿ ಬಾಂಬ್ ಇತ್ತು, ಇಲ್ಲಿ ಕೋರ್ಟ್ ಇತ್ತು. ಸಮವಸ್ತ್ರದ ಪರ ವಾದ ಮಾಡುವವರಿಗೂ ಅವರದೇ ಕಾರಣಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡವರು ವಾದ ಮುಗಿಸುವವರೆಗೆ ಹುಡುಗಿಯರು ಕ್ಲಾಸಿನ ಒಳಗೆ ಕೂತಿರಬೇಕಿತ್ತು. ನೀವು ಒಪ್ಪದೆ ಇರಬಹುದು.

("ಪಾಕಿಸ್ತಾನದಲ್ಲೇ ಅವರನ್ನು ಕಂಡರೆ ಆಗದವರು ಇದ್ದಾರಂತೆ, ಯಾಕೆ?")

ಇದ್ದಾರೆ, ಸಾಕಷ್ಟು ಜನ. ಅಲ್ಲಿನ ಖಾಸಗಿ ಶಾಲೆಗಳ ಒಂದು ಒಕ್ಕೂಟವೇ 'ನಾನು ಮಲಾಲಾ ಅಲ್ಲ' ಅಂತ ಒಂದು ದಿನ ಆಚರಿಸಿತು. ಪಶ್ಚಿಮದವರ ಗೊಂಬೆ ಅನ್ನುತ್ತಾರೆ. ಅಮೆರಿಕದ ಡ್ರೋನ್ ದಾಳಿಯಲ್ಲಿ ಸತ್ತ ಮಕ್ಕಳ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ ಅಂತ ಕೇಳುತ್ತಾರೆ. ಈ ಎರಡನೇ ಪ್ರಶ್ನೆ ನ್ಯಾಯವಾದದ್ದು. ಆದರೆ ಅದನ್ನು ಮಲಾಲಾಗೆ ಕೇಳಿ ಏನು ಪ್ರಯೋಜನ? 2013ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರನ್ನು ಭೇಟಿಯಾದಾಗ, ಡ್ರೋನ್ ದಾಳಿಯಿಂದ ಭಯೋತ್ಪಾದನೆ ಹೆಚ್ಚುತ್ತದೆ ಅಂತ ಅವಳೇ ಹೇಳಿದ್ದಳು. ಆಗ ವಯಸ್ಸು 16.

("ಈಗ ಅಲ್ಲಿ ಪರಿಸ್ಥಿತಿ ಹೇಗಿದೆ?")

ಕಾನೂನಿಗೇನೂ ಕೊರತೆ ಇಲ್ಲ. 5ರಿಂದ 16 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಅಂತ 2010ರಲ್ಲೇ ಪಾಕಿಸ್ತಾನದ ಸಂವಿಧಾನಕ್ಕೆ ಸೇರಿಸಿದ್ದಾರೆ. ಆದರೂ ಶಾಲೆಯ ಹೊರಗಿರುವ ಮಕ್ಕಳು ಸುಮಾರು 2.6 ಕೋಟಿ. 2024ರಲ್ಲಿ ಅಲ್ಲಿನ ಪ್ರಧಾನಿ ಶಿಕ್ಷಣ ತುರ್ತುಸ್ಥಿತಿ ಅಂತಲೇ ಘೋಷಿಸಿದರು. ಎಲ್ಲ ಕಡೆ ಬಂದೂಕು ಕಾರಣ ಅಲ್ಲ. ಹೈಸ್ಕೂಲು ದೂರ, ಬಸ್ಸಿಲ್ಲ, ಲೇಡಿ ಟೀಚರ್ ಇಲ್ಲ, ಕಾಂಪೌಂಡ್ ಇಲ್ಲ, ಶೌಚಾಲಯ ಇಲ್ಲ, ಮನೆಯಲ್ಲಿ ದುಡ್ಡಿಲ್ಲ. ಹುಡುಗಿ ದೊಡ್ಡವಳಾಗುತ್ತಿದ್ದ ಹಾಗೆ ಇವು ಒಂದೊಂದೂ ಅಡ್ಡ ಬರುತ್ತವೆ.

ಮಲಾಲಾ ಅವರ ಅಪ್ಪನ ಊರು ಶಾಂಗ್ಲಾ ಜಿಲ್ಲೆಯಲ್ಲಿ, ಸ್ವಾತ್‌ನ ಪಕ್ಕ, ಇನ್ನೂ ಮೇಲಿನ ಬೆಟ್ಟದಲ್ಲಿದೆ. ನೊಬೆಲ್ ಹಣ ಹಾಕಿ ಅಲ್ಲಿ ಹುಡುಗಿಯರಿಗೆ ಶಾಲೆ ಕಟ್ಟಿಸಿದರು. 2018ರಲ್ಲಿ ಅದು ಶುರುವಾಯಿತು. ಅದೇ ವರ್ಷ ಗುಂಡೇಟಿನ ನಂತರ ಮೊದಲ ಸಲ ಅವರು ದೇಶಕ್ಕೆ ಹೋದರು, ಮಿಂಗೋರಾದ ಮನೆಯನ್ನೂ ನೋಡಿ ಬಂದರು. ಶಾಂಗ್ಲಾದ ಊರಿಗೆ ಕಾಲಿಡಲು ಆಗಿದ್ದು 2025ರ ಮಾರ್ಚ್‌ನಲ್ಲಿ, ಹದಿಮೂರು ವರ್ಷದ ಮೇಲೆ, ಬಿಗಿ ಭದ್ರತೆಯಲ್ಲಿ ಕೆಲವೇ ಗಂಟೆ. ಬಂಧುಗಳನ್ನು ಕಂಡರು. ಆ ಶಾಲೆಯ ಕ್ಲಾಸಿನೊಳಗೂ ಹೋಗಿ ಹುಡುಗಿಯರ ಜೊತೆ ಕೂತು ಬಂದರು. ಅಲ್ಲಿ ಈಗ ಹತ್ತು ವರ್ಷ ದಾಟಿದವರೂ ಓದುತ್ತಿದ್ದಾರೆ.